ಮರಿಗಳ ಲೆಕ್ಕ, ಪುಸ್ತಕದ ಲೆಕ್ಕ

ಮೃಗಾಲಯದಿಂದ ಬರುವ ಸುದ್ದಿಗೆ ಒಂದು ಸಿದ್ಧ ಅಚ್ಚಿದೆ. ಇಂತಿಷ್ಟು ಮೊಟ್ಟೆ, ಇಂತಿಷ್ಟು ಮರಿ, ಎಲ್ಲವೂ ಆರೋಗ್ಯವಾಗಿವೆ. ಜೊತೆಗೊಂದು ಚಿತ್ರ: ಕೈಗವಸು ತೊಟ್ಟ ಅಂಗೈ ಮೇಲೆ ಗೇಣುದ್ದದ ಜೀವ. ಹಾವು, ಮೊಸಳೆ, ಆಮೆಗಳ ವಿಷಯದಲ್ಲಂತೂ ಸಂರಕ್ಷಣೆ ಎಂದರೆ ಮರಿ ಮಾಡಿಸುವುದು ಎಂಬ ತಿಳಿವಳಿಕೆ ಓದುಗರಲ್ಲಷ್ಟೇ ಅಲ್ಲ, ಮೃಗಾಲಯ ನಡೆಸುವವರಲ್ಲೂ ಗಟ್ಟಿಯಾಗಿ ಕೂತಿದೆ. ಉರಗಗಳನ್ನು ನೋಡಿಕೊಳ್ಳುವ ಕೀಪರನ ಕೆಲಸವನ್ನು ಈ ಒಂದೇ ಅಳತೆಗೋಲಿನಿಂದ ಅಳೆಯುತ್ತೇವಲ್ಲ, ನನ್ನ ತಕರಾರು ಇರುವುದು ಅಲ್ಲಿ. ಸಾಕ್ಷಿಗೆ ದೂರ ಹೋಗಬೇಕಿಲ್ಲ. ಆ ಅಳತೆಯಲ್ಲಿ ನೂರಕ್ಕೆ ನೂರು ಅಂಕ ಪಡೆದ ಸಂಸ್ಥೆಯೇ ಚೆನ್ನೈನಿಂದ ಮಹಾಬಲಿಪುರಕ್ಕೆ ಹೋಗುವ ಕಡಲತೀರದ ರಸ್ತೆಯ ಪಕ್ಕದಲ್ಲಿದೆ.

ಮದ್ರಾಸ್ ಕ್ರೊಕೊಡೈಲ್ ಬ್ಯಾಂಕನ್ನು ರೊಮುಲಸ್ ವಿಟೇಕರ್, ಝಾಯ್ ವಿಟೇಕರ್ ಮತ್ತು ಅವರ ಗೆಳೆಯರು ಕಟ್ಟಿದ್ದು 1976ರಲ್ಲಿ. ಚರ್ಮದ ವ್ಯಾಪಾರ, ಬೇಟೆ, ಅಣೆಕಟ್ಟು ಸೇರಿ ದೇಶದ ಮೂರು ಜಾತಿಯ ಮೊಸಳೆಗಳನ್ನೂ ಅಳಿವಿನ ಅಂಚಿಗೆ ತಂದು ನಿಲ್ಲಿಸಿದ್ದ ಕಾಲ ಅದು. ಹಿಂದಿನ ವರ್ಷವಷ್ಟೇ, ವಿಶ್ವಸಂಸ್ಥೆಯ ನೆರವಿನಲ್ಲಿ, ಕೇಂದ್ರ ಸರ್ಕಾರ ಮೊಸಳೆ ಯೋಜನೆಯನ್ನು ಆರಂಭಿಸಿತ್ತು. ವಿಧಾನ ಸರಳ: ನದಿದಂಡೆಯಿಂದ ಮೊಟ್ಟೆ ತರುವುದು, ಕಾವು ಕೊಡುವುದು, ನರಿ, ಉಡ, ಹದ್ದುಗಳ ಬಾಯಿಗೆ ಹಿಡಿಸದಷ್ಟು ಬೆಳೆದ ಮೇಲೆ ನೀರಿಗೆ ಬಿಡುವುದು. ಮಗ್ಗರ್ ಮೊಸಳೆ ಇದಕ್ಕೆ ಹೇಳಿ ಮಾಡಿಸಿದಂಥ ಪ್ರಾಣಿ. ಬ್ಯಾಂಕಿನ ಕೊಳಗಳಿಗೆ ಎಷ್ಟು ಒಗ್ಗಿತೆಂದರೆ ವರ್ಷಕ್ಕೆ ಎರಡು ಸಲ ಮೊಟ್ಟೆಯಿಡತೊಡಗಿತು.

ಕೊಳಗಳು ತುಂಬಿದವು. ಮೊದಮೊದಲು ಹಲವು ರಾಜ್ಯಗಳು ಮರಿಗಳನ್ನು ಕೇಳಿ ಪಡೆದವು. ಆಮೇಲೆ ಬಿಡಲು ಜಾಗ ಸಾಲಲಿಲ್ಲ. ಇರುವ ಕೆರೆ, ಜಲಾಶಯಗಳ ದಂಡೆಯ ಜನ ಇನ್ನಷ್ಟು ಮೊಸಳೆ ಬೇಡವೆಂದರು. ಅವರ ಮಾತು ಸುಳ್ಳಲ್ಲ. ಕೃಷ್ಣಾ ನದಿಯ ನೆರೆ ಇಳಿದ ಮೇಲೆ ಕಬ್ಬಿನ ಗದ್ದೆಯಲ್ಲಿ ಮೊಸಳೆ ಕಂಡವರನ್ನು, ದಾಂಡೇಲಿಯಲ್ಲಿ ಕಾಳಿ ನದಿಯ ದಡಕ್ಕೆ ಬಟ್ಟೆ ಒಗೆಯಲು ಹೋಗುವವರನ್ನು ಕೇಳಿದರೆ ಗೊತ್ತಾಗುತ್ತದೆ. 1990ರ ದಶಕದಲ್ಲಿ ಸರ್ಕಾರ ಮಗ್ಗರ್‌ಗಳನ್ನು ಸಾಕಿ ಬಿಡುವ ಕೆಲಸವನ್ನೇ ನಿಲ್ಲಿಸಿತು. ಚರ್ಮಕ್ಕಾಗಿ ಸಾಕಲು ಅನುಮತಿ ಕೊಟ್ಟರೆ ಊರಿನವರಿಗೂ ಲಾಭ, ಮೊಸಳೆಗೂ ಉಳಿವು ಎಂದು ರೊಮುಲಸ್ ವಿಟೇಕರ್ ವಾದಿಸಿದ್ದರು. ಕಾನೂನು ಒಪ್ಪಲಿಲ್ಲ. ಕೊನೆಗೆ ಮೊಟ್ಟೆಗೆ ಕಾವು ಕೊಡಲು ಕಲಿತ ಕೈಗಳೇ ಮೊಟ್ಟೆಗಳನ್ನು ಅಗೆದು ತೆಗೆದು ಹಾಕಬೇಕಾಯಿತು. ಎಂಟೂವರೆ ಎಕರೆ ಜಾಗದಲ್ಲಿ ಎರಡು ಸಾವಿರದ ಆಸುಪಾಸು ಪ್ರಾಣಿಗಳು. ಸಾವಿರ ಮಗ್ಗರ್‌ಗಳನ್ನು ಗುಜರಾತಿನ ಜಾಮ್‌ನಗರಕ್ಕೆ ಕಳಿಸುವ ತೀರ್ಮಾನ ಮದ್ರಾಸ್ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. 2022ರಲ್ಲಿ ನ್ಯಾಯಾಲಯ ಅದಕ್ಕೆ ಅಡ್ಡಿಯಿಲ್ಲ ಎಂದಿತು.

ಇದನ್ನು ಸೋಲೆನ್ನಲು ನಾನು ತಯಾರಿಲ್ಲ. ಆದರೆ ಇಲ್ಲಿನ ಗೆಲುವು ಮರಿಗಳ ಸಂಖ್ಯೆಯಲ್ಲಿಲ್ಲ. ಅದನ್ನು ನೋಡಬೇಕಾದರೆ ಕೀಪರನ ಕೈಯನ್ನು ಹತ್ತಿರದಿಂದ ನೋಡಬೇಕು.

ಮೊಸಳೆಯ ಗೂಡು ತೋಡುವವನ ಜೇಬಿನಲ್ಲಿ ಒಂದು ಪೆನ್ಸಿಲ್ ಇರುತ್ತದೆ. ಕೋಳಿಮೊಟ್ಟೆಯನ್ನು ಆಗಾಗ ಹೊರಳಿಸುತ್ತಿರಬೇಕು. ಮೊಸಳೆಯದ್ದನ್ನು ಹೊರಳಿಸಿದರೆ ಕೆಟ್ಟಿತು. ಇಟ್ಟ ಸ್ವಲ್ಪ ಹೊತ್ತಿನಲ್ಲೇ ಭ್ರೂಣ ಚಿಪ್ಪಿನ ಒಳಪೊರೆಗೆ ಮೇಲ್ಭಾಗದಲ್ಲಿ ಅಂಟಿಕೊಳ್ಳುತ್ತದೆ, ತಲೆಕೆಳಗಾದರೆ ಸಾಯುತ್ತದೆ. ಅದಕ್ಕೇ ಗೂಡಿನಲ್ಲಿದ್ದಾಗಲೇ ಮೇಲ್ಮುಖಕ್ಕೊಂದು ಗುರುತು ಹಾಕಿ, ಆ ಗುರುತು ಮೇಲೆಯೇ ಇರುವಂತೆ ಎತ್ತಿ ಪೆಟ್ಟಿಗೆಯಲ್ಲಿಡುತ್ತಾರೆ. ಫಲಿತ ಮೊಟ್ಟೆಯ ಮೇಲೆ ಸುಣ್ಣ ಬಳಿದಂಥ ಬಿಳಿಯ ಪಟ್ಟಿ ಮೂಡಿ ದಿನದಿಂದ ದಿನಕ್ಕೆ ಅಗಲವಾಗುತ್ತ ಹೋಗುತ್ತದೆ. ಪಟ್ಟಿ ಮೂಡದ್ದು ಬರಡು. ಇದನ್ನು ನೋಡಲು ಯಂತ್ರ ಬೇಕಿಲ್ಲ, ಕಣ್ಣು ಬೇಕು. ನೋಡಿದ್ದನ್ನು ಅಂದೇ ಬರೆದಿಡುವ ಶಿಸ್ತೂ ಬೇಕು.

ಆ ಬರೆದಿಟ್ಟದ್ದೇ ಈ ವೃತ್ತಿಯ ನಿಜವಾದ ಫಸಲು. ಮಗ್ಗರ್ ಮರಿ ಗಂಡೋ ಹೆಣ್ಣೋ ಎಂಬುದು ಕಾವಿನ ಬಿಸಿಯಿಂದ ತೀರ್ಮಾನವಾಗುತ್ತದೆ, ವರ್ಣತಂತುವಿನಿಂದಲ್ಲ. 28ರಿಂದ 31 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬರೀ ಹೆಣ್ಣು, 32.5ರಲ್ಲಿ ಗಂಡು, ಅದರ ಅಕ್ಕಪಕ್ಕದಲ್ಲಿ ಎರಡೂ. 1989ರಲ್ಲಿ ಪ್ರಕಟವಾದ ಈ ಶೋಧ ಬ್ಯಾಂಕಿನ ಮೊಟ್ಟೆಗಳ ಮೇಲೇ ನಡೆದದ್ದು. ಇದರ ಅರ್ಥ ಸಣ್ಣದಲ್ಲ. ಇನ್‌ಕ್ಯುಬೇಟರಿನ ಮುಳ್ಳನ್ನು ಯಾರೋ ಒಬ್ಬರು 30ಕ್ಕೆ ತಿರುಗಿಸಿ ಸುಮ್ಮನಿದ್ದರೆ ಒಂದಿಡೀ ನದಿಗೆ ಬರೀ ಹೆಣ್ಣು ಮೊಸಳೆಗಳನ್ನೇ ತುಂಬಿಬಿಡಬಹುದು, ಸುದ್ದಿಯಲ್ಲಿ ಮಾತ್ರ ‘ಯಶಸ್ವಿ’ ಎಂದೇ ಬಂದಿರುತ್ತದೆ. ಮರಿಗಳು ಮೊಟ್ಟೆಯೊಳಗಿಂದ ಕೂಗುವಾಗ ತಾಯಿ ಗೂಡು ಬಗೆಯುವುದು ಗೊತ್ತಿದ್ದ ಸಂಗತಿ. ಗಂಡು ಮಗ್ಗರ್ ಕೂಡ ಮರಿಗಳನ್ನು ಬಾಯಲ್ಲಿಟ್ಟುಕೊಂಡು ನೀರಿಗೆ ಒಯ್ಯುತ್ತದೆ ಎಂಬುದು ದಾಖಲಾದದ್ದು ಈ ಕೊಳಗಳ ಬದಿಯಲ್ಲಿ ಕಾದು ಕೂತವರಿಂದ. ಮಗ್ಗರ್‌ಗಳು ಮೂತಿಯ ಮೇಲೆ ಕಡ್ಡಿಗಳನ್ನಿಟ್ಟುಕೊಂಡು, ಗೂಡಿಗೆ ಕಡ್ಡಿ ಹುಡುಕುವ ಬೆಳ್ಳಕ್ಕಿಗಳನ್ನು ಹಿಡಿಯುತ್ತವೆ ಎಂಬ ಹೆಸರಾಂತ ವಾದ ಹುಟ್ಟಿದ್ದೂ ಇಲ್ಲೇ. ಅದನ್ನು ಒಪ್ಪದ ವಿಜ್ಞಾನಿಗಳಿದ್ದಾರೆ, ನನಗೂ ಪೂರ್ತಿ ನಂಬಿಕೆಯಿಲ್ಲ. ಆದರೆ ಜಗಳವಾಡಲಾದರೂ ಒಂದು ದಾಖಲೆ ಇದೆಯಲ್ಲ.

ಘರಿಯಾಲ್ ಮೊಸಳೆಯ ಕಥೆ ಇದರ ಮಗ್ಗುಲಿನದು. ಭುವನೇಶ್ವರದ ನಂದನಕಾನನದಲ್ಲಿ 1980ರಲ್ಲಿ ಜಗತ್ತಿನಲ್ಲೇ ಮೊದಲ ಬಾರಿಗೆ ಸೆರೆಯಲ್ಲಿ ಘರಿಯಾಲ್ ಮರಿಗಳಾದವು. ಗಂಡನ್ನು ಜರ್ಮನಿಯ ಫ್ರಾಂಕ್‌ಫರ್ಟ್ ಮೃಗಾಲಯದಿಂದ ತರಿಸಿದ್ದರು. ಮಹಾನದಿಯ ಸತ್ಕೋಸಿಯಾ ಕಮರಿಗೆ ಬಿಟ್ಟ ಘರಿಯಾಲ್‌ಗಳು ನೂರಾರು. ಉಳಿದದ್ದು ಬೆರಳೆಣಿಕೆ. 2021ರಲ್ಲಿ ಅಲ್ಲಿ ಸಹಜವಾಗಿ ಮರಿಗಳು ಹುಟ್ಟಿದಾಗ ಅದು ದಶಕಗಳ ನಂತರದ ಮೊದಲ ಸುದ್ದಿ. ಮೀನುಬಲೆ ಹಾಗೇ ಇತ್ತು, ಮರಳು ತೆಗೆಯುವುದು ಹಾಗೇ ಇತ್ತು. ನದಿ ಸರಿಯಾಗದೆ ಮರಿ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಹೆಚ್ಚು ವ್ಯಾಖ್ಯಾನ ಬೇಡ.

ಕಪ್ಪೆಗಳ ಕಡೆಗೆ ತಿರುಗಿದರೆ ಈ ವೃತ್ತಿಯ ಅತ್ಯುತ್ತಮ ರೂಪವೂ ಅದರ ಮಿತಿಯೂ ಒಂದೇ ಕಡೆ ಕಾಣುತ್ತವೆ. ಟಾಂಜಾನಿಯಾದ ಕಿಹಾನ್ಸಿ ಜಲಪಾತದ ತುಂತುರು ಬೀಳುವ ಕೆಲವೇ ಎಕರೆ ಜಾಗದಲ್ಲಿ ಹೆಬ್ಬೆರಳಿನ ಉಗುರಿನಷ್ಟೇ ಇರುವ, ಹಳದಿ ಬಣ್ಣದ ನೆಲಗಪ್ಪೆಯೊಂದು 1996ರಲ್ಲಿ ಪತ್ತೆಯಾಯಿತು. ಅದು ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತದೆ. ಅಷ್ಟರಲ್ಲಿ ಮೇಲೆ ವಿದ್ಯುತ್ತಿಗಾಗಿ ಅಣೆಕಟ್ಟು ಎದ್ದು, ಜಲಪಾತದ ನೀರು ಶೇ. 90ರಷ್ಟು ಕಡಿಮೆಯಾಯಿತು. 2000ದಲ್ಲಿ 499 ಕಪ್ಪೆಗಳನ್ನು ಅಮೆರಿಕದ ಮೃಗಾಲಯಗಳಿಗೆ ಒಯ್ದರು. ಆಮೇಲಿನ ವರ್ಷಗಳು ಕೀಪರರ ಪಾಲಿಗೆ ನರಕ. ಶ್ವಾಸಕೋಶದ ಹುಳು, ಶಿಲೀಂಧ್ರ, ಪೋಷಣೆಯ ಕೊರತೆ ಒಂದಾದ ಮೇಲೊಂದು ಬಂದು ಒಟ್ಟು ಸಂಖ್ಯೆ ನೂರರ ಕೆಳಗಿಳಿಯಿತು. ಸರಿಯಾದ ಅತಿನೇರಳೆ ದೀಪ ಯಾವುದು, ಎಷ್ಟು ಎತ್ತರದಲ್ಲಿ ತೂಗಬೇಕು, ತುಂತುರು ಎಷ್ಟು ಸಣ್ಣಗಿರಬೇಕು, ಹಣ್ಣುನೊಣಕ್ಕೆ ಯಾವ ವಿಟಮಿನ್ ಪುಡಿ ಹಚ್ಚಬೇಕು: ಒಂದೊಂದನ್ನೂ ಸತ್ತ ಕಪ್ಪೆಗಳಿಂದ ಕಲಿತು ಪುಸ್ತಕಕ್ಕೇರಿಸಿದ ಬ್ರಾಂಕ್ಸ್ ಮತ್ತು ಟೊಲೀಡೊ ಮೃಗಾಲಯಗಳಲ್ಲಿ ಮಾತ್ರ ಅವು ಉಳಿದು ಹೆಚ್ಚಿದವು. ಅತ್ತ ಕಮರಿಯಲ್ಲಿ ಕೃತಕ ತುಂತುರಿನ ಕೊಳವೆಗಳನ್ನು ಎಳೆದರೂ ಕಿಟ್ರಿಡ್ ಶಿಲೀಂಧ್ರ ಬಂದು ಉಳಿದವನ್ನು ಮುಗಿಸಿತು. 2009ರಲ್ಲಿ ಆ ಕಪ್ಪೆ ಕಾಡಿನಲ್ಲಿ ನಿರ್ನಾಮವಾಯಿತೆಂದು ಘೋಷಣೆಯಾಯಿತು. 2010ರಲ್ಲಿ ನೂರು ಕಪ್ಪೆಗಳು ದಾರ್ ಎಸ್ ಸಲಾಮ್‌ಗೆ ಮರಳಿದವು, 2012ರಿಂದ ಕಮರಿಗೆ ಬಿಡುವ ಕೆಲಸ ಶುರುವಾಯಿತು.

ಈ ಪ್ರಯತ್ನವನ್ನು ಹೊಗಳದಿರಲು ಕಲ್ಲುಮನಸ್ಸು ಬೇಕು. ಹೊಗಳಿದ ಮೇಲೂ ಒಂದು ಮಾತು ಉಳಿಯುತ್ತದೆ: ಕೊಳವೆಯ ತುಂತುರು ನಿಂತರೆ ಆ ಕಪ್ಪೆಗೆ ಮನೆಯಿಲ್ಲ. ಕೀಪರ್ ಕಾಲಾವಕಾಶವನ್ನು ಗಳಿಸಿಕೊಡಬಲ್ಲ, ನದಿಯನ್ನಲ್ಲ. ಪಶ್ಚಿಮಘಟ್ಟದಲ್ಲಿ ಹೊಳೆಗಳಿಗೆ ಅಡ್ಡಗಟ್ಟೆ ಹಾಕುವ ಪ್ರತಿ ಯೋಜನೆಯ ಕಡತದಲ್ಲಿ ‘ಪ್ರಾಣಿಗಳನ್ನು ಸ್ಥಳಾಂತರಿಸಲಾಗುವುದು’ ಎಂದು ಸಲೀಸಾಗಿ ಬರೆಯುವ ಎಂಜಿನಿಯರುಗಳು ಈ 499ರ ಕಥೆ ಓದಬೇಕಿತ್ತು.

ನಮ್ಮಲ್ಲಿಯ ಉದಾಹರಣೆ ಮಂಗಳೂರಿನ ಪಿಲಿಕುಳ. ಸೆರೆಯಲ್ಲಿ ಕಾಳಿಂಗ ಸರ್ಪದ ಮರಿ ಮಾಡಿಸಿ ಹೆಸರಾದ ಜೈವಿಕ ಉದ್ಯಾನ ಅದು. ಎಲೆ ಕೂಡಿಸಿ ಗೂಡು ಕಟ್ಟುವ, ಮೊಟ್ಟೆ ಕಾಯುವ, ಮುಖ್ಯವಾಗಿ ಹಾವುಗಳನ್ನೇ ತಿನ್ನುವ ಪ್ರಾಣಿಯನ್ನು ಸಾಕುವುದೇ ದೊಡ್ಡ ಸಾಹಸ. ಒಂದು ಹಾವನ್ನು ಉಳಿಸಲು ಕೇರೆಹಾವುಗಳನ್ನು ಎಷ್ಟು ಬಲಿ ಕೊಡಬೇಕು ಎಂಬ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಕೇರೆಯೂ ಕಾನೂನಿನ ರಕ್ಷಣೆಯಲ್ಲಿರುವ ಹಾವೇ. ಸತ್ತ ಇಲಿಗೆ ಹಾವಿನ ವಾಸನೆ ಹಚ್ಚಿ ತಿನ್ನಲು ರೂಢಿಸುವ ಉಪಾಯ ಹೊರದೇಶಗಳಲ್ಲಿದೆ. ಆದರೆ ಮಲೆನಾಡಿನಲ್ಲಿ ಕಾಳಿಂಗ ಸರ್ಪಕ್ಕೆ ಕಾಡಿದೆ, ತೋಟಗಳಿವೆ, ಹಾವು ಹೊಕ್ಕರೆ ಕೊಲ್ಲದೆ ಫೋನ್ ಮಾಡುವ ಜನರಿದ್ದಾರೆ. ಅಲ್ಲಿ ಕೊರತೆಯಿರುವುದು ಮರಿಗಳದ್ದಲ್ಲ. ಆಗುಂಬೆಯಲ್ಲಿ ಗೂಡನ್ನು ಇದ್ದಲ್ಲೇ ಬಿಟ್ಟು ಬಲೆ ಸುತ್ತಿ ಕಾಯುವವರ ದಾರಿ ನನಗೆ ಹೆಚ್ಚು ಸರಿಯೆನಿಸುತ್ತದೆ.

2024ರಲ್ಲಿ ಇನ್ನೊಂದು ತಿರುವು ಬಂತು. ಒಂದೇ ಜಾತಿ ಎಂದುಕೊಂಡಿದ್ದ ಕಾಳಿಂಗ ಸರ್ಪ ನಾಲ್ಕು ಜಾತಿಗಳೆಂದು ಸಂಶೋಧಕರು ತೋರಿಸಿದರು. ಪಶ್ಚಿಮಘಟ್ಟದ್ದು ಪ್ರತ್ಯೇಕ ಜಾತಿ, ಒಫಿಯೊಫ್ಯಾಗಸ್ ಕಾಳಿಂಗ. ಒಂದು ಮೃಗಾಲಯ ಒಡಿಶಾದ ಗಂಡನ್ನೂ ಕೊಡಗಿನ ಹೆಣ್ಣನ್ನೂ ಜೋಡಿ ಮಾಡಿದ್ದರೆ ಆ ಮರಿಗಳು ಈಗ ಎಲ್ಲಿಗೂ ಸಲ್ಲವು. ಹಾಗೆ ಆಗಿದೆಯೋ ಇಲ್ಲವೋ ಹೇಳಬಲ್ಲದ್ದು ದಾಖಲೆ ಪುಸ್ತಕದ ಒಂದೇ ಅಂಕಣ: ‘ಎಲ್ಲಿಂದ ಬಂತು’. ರಕ್ಷಿಸಿ ತಂದ ಹಾವಿನ ಮುಂದೆ ಬರೀ ‘ಅರಣ್ಯ ಇಲಾಖೆಯಿಂದ’ ಎಂದು ಗೀಚಿದ್ದರೆ ಅದು ಬರೆದೂ ಬರೆಯದಂತೆ. ಊರು, ತೋಟ, ತಾರೀಖು ಬೇಕು. ಇದನ್ನು ತುಂಬುವ ಕೀಪರನಿಗೆ ಅದು ಯಾಕೆ ಮುಖ್ಯವೆಂದು ಯಾರಾದರೂ ಹೇಳಿರಬೇಕು, ಬರೆಯಲು ಸಮಯವನ್ನೂ ಕೊಟ್ಟಿರಬೇಕು. ಕಸ ಗುಡಿಸಿ, ನೀರು ಬದಲಿಸಿ, ರಜಾದಿನದ ಜಂಗುಳಿ ಕಾಯುವುದರಲ್ಲೇ ದಿನ ಕಳೆಯುವ ಗುತ್ತಿಗೆ ನೌಕರನಿಂದ ವಿಜ್ಞಾನ ನಿರೀಕ್ಷಿಸುವುದು ಅನ್ಯಾಯ.

ಕ್ರೊಕೊಡೈಲ್ ಬ್ಯಾಂಕಿನ ಆವರಣದಲ್ಲೇ ಇನ್ನೊಂದು ಬಗೆಯ ಹಾವು ಸಾಕಣೆ ನಡೆಯುತ್ತಿದೆ, ಹೆಚ್ಚಿನವರು ಅದನ್ನು ಸಾಕಣೆ ಎಂದು ಎಣಿಸುವುದೇ ಇಲ್ಲ. 1978ರಲ್ಲಿ ಹುಟ್ಟಿದ, ಇರುಳ ಸಮುದಾಯದ ಹಾವು ಹಿಡಿಯುವವರ ಸಹಕಾರ ಸಂಘ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳನ್ನು ಹಿಡಿದು ಮಣ್ಣಿನ ಮಡಕೆಗಳಲ್ಲಿಡುತ್ತದೆ. ಕೆಲವು ವಾರ ವಿಷ ತೆಗೆದು, ಹೊಟ್ಟೆಯ ಹುರುಪೆಗೊಂದು ಗುರುತು ಕತ್ತರಿಸಿ, ಕಾಡಿಗೆ ಬಿಡುತ್ತದೆ. ಗುರುತಿರುವ ಹಾವು ಕೂಡಲೇ ಮತ್ತೆ ಸಿಕ್ಕರೆ ತೆಗೆದುಕೊಳ್ಳುವುದಿಲ್ಲ. ಪ್ರದರ್ಶನಕ್ಕಿಂತ ಈ ಮಡಕೆಗಳೇ ನನಗೆ ಮೆಚ್ಚುಗೆ: ಇಟ್ಟುಕೊಳ್ಳುವ ಅವಧಿ ಮೊದಲೇ ಗೊತ್ತು, ಉದ್ದೇಶ ಸ್ಪಷ್ಟ. ಆದರೂ ಇಲ್ಲಿಯೂ ಅದೇ ಅಂಕಣದ ಕಾಟ. ದೇಶದ ವಿಷನಿರೋಧಕ ಔಷಧಕ್ಕೆ ಬೇಕಾದ ವಿಷದ ಬಹುಪಾಲು ಚೆನ್ನೈ ಸುತ್ತಲಿನ ಹಾವುಗಳದ್ದು. ಒಂದೇ ಜಾತಿಯ ಹಾವಿನ ವಿಷವೂ ಊರಿಂದೂರಿಗೆ ಬೇರೆಯಾಗುತ್ತದೆ, ಈ ಔಷಧ ಕೆಲವು ಪ್ರದೇಶಗಳ ಹಾವುಗಳ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯ ತೋರಿಸಿದೆ. ಶಿರಾಳಕೊಪ್ಪದ ಗದ್ದೆಯಲ್ಲಿ ಕಚ್ಚಿಸಿಕೊಂಡವನ ತೋಳಿಗೆ ಚುಚ್ಚುವ ಸೀಸೆಯಲ್ಲಿ ಶಿರಾಳಕೊಪ್ಪದ ಹಾವು ಇಲ್ಲ. ನಮ್ಮ ಮೃಗಾಲಯಗಳು ಮುಂದಿನ ಸಲ ಮರಿಗಳ ಲೆಕ್ಕ ಕೊಡುವಾಗ ಅವುಗಳ ತಾಯಿತಂದೆಯರ ಊರನ್ನೂ ಅದೇ ಸಾಲಿನಲ್ಲಿ ಪ್ರಕಟಿಸಲಿ. ಅದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯೋಜನೆಯೂ ಬೇಡ.