ದೋಷವಿಲ್ಲ ಎಂದಮಾತ್ರಕ್ಕೆ ಒಳ್ಳೆಯ ಕಾಫಿಯೇ?

ಪರೀಕ್ಷೆಯ ಮೇಜಿನ ಮೇಲೆ 350 ಗ್ರಾಂ ಕಾಫಿ ಬೀಜ ಹರಡುತ್ತಾರೆ. ಸ್ಪೆಷಾಲಿಟಿ ದರ್ಜೆಗೆ ಬಹುಕಾಲ ನಡೆದುಬಂದ ಅಂತಾರಾಷ್ಟ್ರೀಯ ಅಳತೆಯ ಪ್ರಕಾರ, ಅದರಲ್ಲಿ ಪೂರ್ತಿ ಕಪ್ಪಾದ ಬೀಜ ಒಂದೂ ಇರಕೂಡದು. ಹುಳಿ ಹಿಡಿದದ್ದು, ಬೂಸಲು ಬಂದದ್ದು ಸಲ್ಲದು. ಒಡೆದ ಬೀಜ ಐದು ಸೇರಿದರೆ ಒಂದು ದೋಷ. ಇಂಥ ಸಣ್ಣ ದೋಷ ಐದು ಮೀರಬಾರದು.

ಈ ಕಟ್ಟುನಿಟ್ಟು ಬೇಕೇಬೇಕು. ಉದುರಿ ನೆಲದಲ್ಲಿ ಬಿದ್ದಿದ್ದ ಹಣ್ಣನ್ನು ಕೊಯ್ದ ಹಣ್ಣಿಗೆ ಬೆರೆಸಿದರೆ ಕಪ್ಪು ಬೀಜ ಸೇರುತ್ತದೆ. ತೊಟ್ಟಿಯಲ್ಲಿ ಹುಳಿಯುವ ಹೊತ್ತು ಮೀರಿದರೆ ಬೀಜದ ಬಣ್ಣ, ವಾಸನೆ ಎರಡೂ ಕೆಡುತ್ತವೆ. ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರನ್ನು ಸರಿಯಾಗಿ ಹೊಂದಿಸದಿದ್ದರೆ ಬೀಜ ಚೂರಾಗುತ್ತದೆ. ಒಂದೆರಡು ಕೆಟ್ಟ ಬೀಜ ಇಡೀ ಲೋಟದ ರುಚಿ ಕೆಡಿಸಬಲ್ಲವು. ಬೀಜ ಹಸನುಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಸಾಲಾಗಿ ಕುಳಿತು ಇವನ್ನು ಆರಿಸುತ್ತ ಬಂದ ಹೆಣ್ಣುಮಕ್ಕಳ ಕಣ್ಣು, ಕೈಗಳಿಗೆ ನಮ್ಮ ಕಾಫಿಯ ಹೆಸರು ಋಣಿಯಾಗಿದೆ.

ಆದರೆ ಈ ಅಳತೆ ಬೀಜವನ್ನು ನೋಡುತ್ತದೆ, ಕಾರಣವನ್ನು ನೋಡುವುದಿಲ್ಲ. ಮಲೆನಾಡಿನ ಕಳಸದ ಸುತ್ತ ಅರೇಬಿಕಾ ಕೊಯ್ಲಿನ ಹೊತ್ತಿಗೆ ಅಕಾಲ ಮಳೆ ಬಂತೆಂದರೆ ಹಣ್ಣು ಗಿಡದಲ್ಲೇ ಸೀಳುತ್ತದೆ, ಉದುರುತ್ತದೆ. ಪಲ್ಪರ್ ಇಲ್ಲದ ಸಣ್ಣ ಬೆಳೆಗಾರ ಹಣ್ಣನ್ನು ಹಾಗೆಯೇ ಕಣದಲ್ಲಿ ಹರಡಿ, ಸಿಪ್ಪೆಸಮೇತ ಒಣಗಿಸಿ ಚೆರಿ ಕಾಫಿ ಮಾಡುತ್ತಾನೆ. ಮೋಡ ಕವಿದಾಗಲೆಲ್ಲ ಒಟ್ಟುಮಾಡಿ ಟಾರ್ಪಾಲು ಹೊದಿಸಬೇಕು, ಬಿಸಿಲು ಬಂದರೆ ಮತ್ತೆ ಹರಡಬೇಕು. ಅಷ್ಟು ಮಾಡಿಯೂ ಬೂಸಲು ಬಂದರೆ, ಸೋಮಾರಿಯ ಬೀಜಕ್ಕೂ ಅವನದಕ್ಕೂ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ.

ದೋಷವೆಂಬುದೂ ಕಲ್ಲಿನಲ್ಲಿ ಕೊರೆದದ್ದಲ್ಲ. ಹಣ್ಣಿನೊಳಗೆ ಎರಡು ಬೀಜ ಇರಬೇಕಾದಲ್ಲಿ ಒಂದೇ ಬೆಳೆದು ಉರುಟಾದರೆ ಅದು ಪೀಬೆರಿ. ಸಹಜಕ್ಕೆ ಹೊರತಾದರೂ ಅದಕ್ಕೆ ತನ್ನದೇ ದರ್ಜೆಯಿದೆ. ಕರಾವಳಿಯ ಮಳೆಗಾಲದ ಗಾಳಿಗೆ ಬೇಕೆಂದೇ ಒಡ್ಡಿ, ಊದಿಸಿ, ಬಿಳಿಚಿಸಿದ ಬೀಜ ಮಾನ್ಸೂನ್ಡ್ ಮಲಬಾರ್ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಿ ಪಡೆದಿದೆ. ಬೇರೆ ಕಾಫಿಯಲ್ಲಿ ಅದೇ ಬಿಳಿಚಿದ ಬಣ್ಣ ಕಂಡರೆ ಕೆಟ್ಟ ದಾಸ್ತಾನೆಂದು ತಳ್ಳುತ್ತಾರೆ.

ದೊಡ್ಡ ಕೊರತೆ ಇರುವುದು ನಮ್ಮ ಊರಿನ ವ್ಯಾಪಾರದಲ್ಲಿ. 50 ಕಿಲೋ ಚೀಲಕ್ಕೆ ಎಷ್ಟು ಕಿಲೋ ಶುದ್ಧ ಬೀಜ ಸಿಗುತ್ತದೆ ಎಂಬ ಔಟ್‌ಟರ್ನ್, ತೇವಾಂಶ, ಕೆಟ್ಟ ಬೀಜದ ಪಾಲು ನೋಡಿ ದರ ಕಟ್ಟುತ್ತಾರೆ. ಕುಡಿದು ನೋಡುವವರು ಅಪರೂಪ. ಕೆಂಪು ಹಣ್ಣನ್ನೇ ಆರಿಸಲು ಅದೇ ಗಿಡಕ್ಕೆ ಮತ್ತೆ ಮತ್ತೆ ಆಳು ಕಳಿಸಿದವನಿಗೂ, ಅರೆಹಣ್ಣು ಸೇರಿಸಿ ಒಂದೇ ಸಲಕ್ಕೆ ಎಳೆದವನಿಗೂ ದರ ಬಹುಮಟ್ಟಿಗೆ ಒಂದೇ. ಹಿಂದೆ ಬೆಳೆಗಾರರು ಬೆಳೆಯನ್ನು ಒಪ್ಪಿಸಬೇಕಿದ್ದ ಕಾಫಿ ಬೋರ್ಡಿನ ಪೂಲ್ ಪದ್ಧತಿಯಲ್ಲಿ ಎಲ್ಲರ ಕಾಫಿಯೂ ಒಂದೇ ರಾಶಿಗೆ ಬೀಳುತ್ತಿತ್ತು. 1996ರ ಹೊತ್ತಿಗೆ ಮಾರುಕಟ್ಟೆ ಪೂರ್ತಿ ಮುಕ್ತವಾಯಿತು. ಸಣ್ಣ ತೋಟದ ರುಚಿಗೆ ಮಾತ್ರ ಇನ್ನೂ ಆ ರಾಶಿಯಿಂದ ಬಿಡುಗಡೆ ಸಿಕ್ಕಿಲ್ಲ.

ದೋಷ ಎಣಿಸುವುದು ಕೆಟ್ಟ ಕಾಫಿಯನ್ನು ತಡೆಯುತ್ತದೆ. ಒಳ್ಳೆಯದನ್ನು ಗುರುತಿಸಲು ನಾಲಿಗೆಯೇ ಬೇಕು. ನೆರಳು, ಎತ್ತರ, ತಳಿ, ಕೊಯ್ಲಿನ ತಾಳ್ಮೆ ಇವೆಲ್ಲ ತಿಳಿಯುವುದು ಅಲ್ಲಿ. ಸಣ್ಣ ಬೆಳೆಗಾರನ ಚೀಲಕ್ಕೂ ರುಚಿ ಪರೀಕ್ಷೆ ಆಗಬೇಕು, ಫಲಿತಾಂಶ ಅವನ ಕೈಸೇರಬೇಕು, ಒಳ್ಳೆಯ ಅಂಕಕ್ಕೆ ದರವೂ ಏರಬೇಕು. ಅಲ್ಲಿಯವರೆಗೆ ನಮ್ಮ ಗ್ರೇಡಿಂಗ್ ತಪ್ಪಿಗೆ ದಂಡ ಹಾಕುವುದನ್ನಷ್ಟೇ ಬಲ್ಲ, ಗುಣಕ್ಕೆ ಬೆಲೆ ಕೊಡಲರಿಯದ ಅರೆಬರೆ ಪದ್ಧತಿ.