ಆಟದ ಪೆಟ್ಟಿಗೆಯ ಸಂಗೀತ

ಸಂಗೀತವನ್ನು ಕುರಿತು ವಿಮರ್ಶೆ ಬರೆಯುವವರು ಸಭೆಯ ಗಾನವನ್ನೂ, ದೇವಾಲಯದ ವಾದ್ಯವನ್ನೂ, ಹೆಚ್ಚೆಂದರೆ ಜನಪದರ ಹಾಡನ್ನೂ ಗಣನೆಗೆ ತಂದುಕೊಳ್ಳುವರು. ಬಾಲ್ಯದಲ್ಲಿ ಆಟದೊಡನೆ ಕಿವಿಗೆ ಬಿದ್ದ ನಾದವು ವಿಚಾರಕ್ಕೆ ಯೋಗ್ಯವೆಂದು ಅವರಿಗೆ ತೋರುವುದಿಲ್ಲ. ಆದರೆ ಮನುಷ್ಯನ ಕಿವಿಯು ಮೊದಲು ಪಳಗುವುದು ಸಭೆಯಲ್ಲಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಗಿಲಕಿಯನ್ನು ಅಲ್ಲಾಡಿಸುತ್ತ ಬೆಳೆದ ಕೂಸಿಗೆ ಅದರೊಳಗಿನ ಸದ್ದೇ ಮೊದಲನೆಯ ತಾಳಪಾಠ. ಅದೇ ಕೂಸು ಹತ್ತು ವರ್ಷದ್ದಾದಾಗ, ಕಳೆದ ಶತಮಾನದ ಕಡೆಯ ದಶಕದಲ್ಲಿ, ಟೆಲಿವಿಷನ್ನಿಗೆ ತಂತಿ ಸಿಕ್ಕಿಸಿ ಆಡಿದ ವಿಡಿಯೋ ಗೇಮಿನ ರಾಗವು ಎರಡನೆಯ ಪಾಠವಾಯಿತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಈಗ ನಡುವಯಸ್ಸನ್ನು ಮುಟ್ಟುತ್ತಿರುವ ಎಷ್ಟೋ ಮಂದಿ ಆ ರಾಗಗಳನ್ನು ಒಂದು ಸ್ವರವೂ ತಪ್ಪದಂತೆ ಗುನುಗಬಲ್ಲರು. ಅವುಗಳನ್ನು ಕಟ್ಟಿದವರಾರೆಂದು ಕೇಳಿದರೆ ಮಾತ್ರ ಮೌನವೇ ಉತ್ತರ.

ಆ ಯಂತ್ರದ ಮೂಲವು ಜಪಾನಿನ ನಿಂಟೆಂಡೊ ಸಂಸ್ಥೆಯು 1983ರಲ್ಲಿ ಹೊರತಂದ ‘ಫ್ಯಾಮಿಕಾಂ’. ನಮ್ಮ ಊರುಗಳ ಮನೆಗಳಿಗೆ ಬಂದುದು ಬಹುಮಟ್ಟಿಗೆ ಅದರ ಅನುಕರಣೆಗಳು. ಅದರೊಡನೆ ಹಳದಿಯ ಬಣ್ಣದ, ಒಂದರಲ್ಲೇ ಸಾವಿರಾರು ಆಟಗಳಿವೆಯೆಂದು ಸುಳ್ಳು ಹೇಳುವ ಕ್ಯಾಸೆಟ್ಟುಗಳು. ಯಂತ್ರದ ಸಂಗೀತಶಕ್ತಿಯಾದರೋ ಅತ್ಯಲ್ಪವಾದುದು. ಅದಕ್ಕೆ ಇದ್ದುದು ಐದೇ ಧ್ವನಿಗಳು: ಎರಡು ಮೇಲಿನ ಸ್ವರಗಳಿಗೆ, ಒಂದು ಮಂದ್ರಕ್ಕೆ, ಒಂದು ಬರಿಯ ಬುಸುಗುಟ್ಟುವ ಸದ್ದಿಗೆ, ಐದನೆಯದು ಮೊದಲೇ ಹಿಡಿದಿಟ್ಟ ಚಿಕ್ಕ ಶಬ್ದಗಳಿಗೆ. ಮಂದ್ರದ ಧ್ವನಿಯನ್ನು ಏರಿಸುವಂತೆಯೂ ಇಲ್ಲ, ಇಳಿಸುವಂತೆಯೂ ಇಲ್ಲ. ಅದು ನುಡಿದರೆ ನುಡಿಯಿತು, ನಿಂತರೆ ನಿಂತಿತು. 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಎಂಬ ಆಟವು ಚಿತ್ರ, ನಿಯಮ, ಸಂಗೀತಗಳೆಲ್ಲ ಸೇರಿ 40 ಕಿಲೋಬೈಟುಗಳಷ್ಟು ಮಾತ್ರ. ಇಂದು ಒಂದು ಭಾವಚಿತ್ರಕ್ಕೂ ಅಷ್ಟು ಸ್ಥಳ ಸಾಲದು.

ಈ ಇಕ್ಕಟ್ಟಿನಲ್ಲಿ ಕೊಜಿ ಕೊಂಡೊ ಎಂಬಾತನು ಮಾಡಿದ ಕೆಲಸವನ್ನು ನಿಧಾನವಾಗಿ ನೋಡಬೇಕು. ಆತನು ಮೊದಲು ಲಯವನ್ನು ಹಿಡಿದನು. ಆಟದ ವ್ಯಕ್ತಿಯ ಓಟಕ್ಕೂ ನೆಗೆತಕ್ಕೂ ಸರಿಬೀಳುವ ನಡೆಯನ್ನು ಕಂಡುಕೊಂಡಮೇಲೆಯೇ ರಾಗವು ಬಂದಂತಿದೆ. ನೆಲದ ಮೇಲಿನ ಹಂತದಲ್ಲಿ ಸ್ವರಗಳು ಪೆಟ್ಟಿನ ಮೇಲೆ ಬೀಳದೆ ಪೆಟ್ಟಿನ ಸಂದಿಯಲ್ಲಿ ಬೀಳುವುದರಿಂದ ಕೇಳುವವನ ಕಾಲು ತಾನಾಗಿ ಎದ್ದೇಳುವುದು. ನೀರಿನೊಳಗಿನ ಹಂತಕ್ಕೆ ಬಂದಕೂಡಲೇ ನಡೆಯು ಮೂರೆಣಿಕೆಗೆ ತಿರುಗಿ, ತೇಲುವ ದೇಹದ ಸಾವಧಾನವನ್ನು ತಾಳುವುದು. ನೆಲಮಾಳಿಗೆಯಲ್ಲಿ ಎರಡೆರಡು ಮಂದ್ರಸ್ವರಗಳು ಗುಟ್ಟಿನಂತೆ ನುಡಿದು ಸುಮ್ಮನಾಗುವುವು. ಅಲ್ಲಿಯ ಮೌನವೇ ಅರ್ಧ ಸಂಗೀತ. ಕಾಲದ ಎಣಿಕೆಯು ನೂರಕ್ಕಿಂತ ಕೆಳಗಿಳಿದರೆ ಅದೇ ರಾಗವು ದ್ರುತಕ್ಕೆ ಏರುವುದು. ಲಯವೆಂದರೇನೆಂದು ಯಾವ ಗುರುವೂ ಹೇಳಿಕೊಡದ ಮಗುವಿಗೆ, ವಿಲಂಬ ದ್ರುತಗಳ ಭೇದವು ಎದೆಬಡಿತದಿಂದಲೇ ತಿಳಿದುಹೋಯಿತು.

ಕೊನಾಮಿ ಸಂಸ್ಥೆಯ ‘ಕಾಂಟ್ರಾ’ ಆಟದ ಕಾಡಿನ ಹಂತವೂ ಅನೇಕರಿಗೆ ನೆನಪಿನಲ್ಲಿದೆ. ಅದರ ಆರ್ಭಟವು ಸಮರ್ಥವಾದುದೇ. ಆದರೆ ಅದು ಒಂದೇ ರಸದ ರಚನೆ, ಕೊಂಡೊನ ಹಾಸ್ಯವಾಗಲಿ ಮಿತವಾಗಲಿ ಅಲ್ಲಿಲ್ಲ. ಇನ್ನು ಹಳದಿಯ ಕ್ಯಾಸೆಟ್ಟುಗಳಲ್ಲಿ ತುರುಕಿದ್ದ ಹತ್ತಾರು ಕ್ಷುದ್ರ ಆಟಗಳ ಕಿರಿಚಾಟವನ್ನು ಬಾಲ್ಯದ ಮಮತೆಯೂ ಉಳಿಸಲಾರದು. ನೆನಪಿನಲ್ಲಿ ಉಳಿದುದೆಲ್ಲವೂ ಒಳ್ಳೆಯದೆಂದರೆ ವಿಮರ್ಶೆಗೆ ಕೆಲಸವೇ ಇರದು.

ಈ ಸಂಗೀತವನ್ನು ಇತರ ಸಂಗೀತದಿಂದ ಬೇರ್ಪಡಿಸುವ ಗುಣವೊಂದುಂಟು. ಅದನ್ನು ಮೆಚ್ಚಿ ಬರೆಯುವವರೂ ಸಾಮಾನ್ಯವಾಗಿ ಮರೆಯುವರು. ಧ್ವನಿಗಳು ಐದೇ ಆದುದರಿಂದ, ಆಟಗಾರನು ನೆಗೆದಾಗಲೋ ನಾಣ್ಯವನ್ನು ಹಿಡಿದಾಗಲೋ ಹೊರಡುವ ಸದ್ದಿಗೆ ಬೇರೆ ಸ್ಥಳವಿರಲಿಲ್ಲ. ಅದು ಸಂಗೀತದ ಒಂದು ಎಳೆಯನ್ನು ಕ್ಷಣಕಾಲ ಕಿತ್ತುಕೊಂಡು ತಾನು ನುಡಿಯುತ್ತಿತ್ತು. ಆದಕಾರಣ ಮಗುವು ಕೇಳಿದ ರಾಗದಲ್ಲಿ ಅದರದೇ ನೆಗೆತಗಳ ತೂತುಗಳು ಬಿದ್ದಿರುತ್ತಿದ್ದುವು. ಕನಕಪುರದ ಒಂದು ಮನೆಯಲ್ಲಿ ಕೇಳಿದುದೂ ಮಾಗಡಿಯ ಇನ್ನೊಂದು ಮನೆಯಲ್ಲಿ ಕೇಳಿದುದೂ ಒಂದೇ ರಾಗ. ಆದರೂ ಒಂದೇ ಅಲ್ಲ. ಹೆದರಿ ಹೆದರಿ ನಡೆದವನಿಗೆ ಅದು ಹೆಚ್ಚು ಇಡಿಯಾಗಿಯೂ, ಸಾಹಸಿಗೆ ಹೆಚ್ಚು ಚೂರುಚೂರಾಗಿಯೂ ಕೇಳಿಸಿತು. ಕೇಳುವವನೇ ಅರೆ ವಾದ್ಯಗಾರನಾಗುವ ಸಂಗೀತಗಳು ಲೋಕದಲ್ಲಿ ಬಹಳವಿಲ್ಲ.

ಬಹಳವಿಲ್ಲವೆಂದರೂ ನಮ್ಮ ಮನೆಗಳಲ್ಲಿ ಒಂದು ಇತ್ತು. ಬೀಸುವ ಪದವನ್ನು ಹಾಡುತ್ತಿದ್ದ ಹೆಂಗಸಿನ ಉಸಿರು ಕಲ್ಲಿನ ಸುತ್ತಿಗೆ ಅನುಗುಣವಾಗಿ ಕಡಿಯುತ್ತಿತ್ತು, ಕೂಡುತ್ತಿತ್ತು. ಪದವು ಮುಗಿಯುತ್ತಿದ್ದುದು ರಾಗಿ ಮುಗಿದಾಗ. ಆಟದ ರಾಗವೂ ಹಾಗೆಯೇ: ಅದಕ್ಕೆ ತನ್ನದೇ ಆದ ಕೊನೆಯಿಲ್ಲ, ಕೆಲಸವಿರುವವರೆಗೆ ಅದು ಸುತ್ತುತ್ತಿರುವುದು. ಮರುಕಳಿಕೆಯನ್ನು ದೋಷವೆಂದು ಎಣಿಸುವವರು ಎರಡನ್ನೂ ತಪ್ಪಾಗಿ ಅಳೆದಂತಾಯಿತು.

ಸಾಮ್ಯವು ಇಲ್ಲಿಗೇ ನಿಲ್ಲುವುದಿಲ್ಲ. ಬೀಸುವ ಪದಗಳನ್ನು ಕಟ್ಟಿದ ಹೆಂಗಸರ ಹೆಸರುಗಳು ಹೋದುವು, ಎಚ್. ಎಲ್. ನಾಗೇಗೌಡರು ಪದಗಳನ್ನು ಕೂಡಿಸಿದರು, ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿ ಆ ಬಾಳಿನ ಉಪಕರಣಗಳನ್ನೂ ಉಳಿಸಿದರು. ಕಳೆದ ಹೆಸರುಗಳನ್ನು ತರುವುದು ಮಾತ್ರ ಯಾರಿಗೂ ಸಾಧ್ಯವಲ್ಲ. ಆಟದ ರಾಗಗಳ ಸಂಗತಿ ಹಾಗಲ್ಲ. ಅವುಗಳ ಕರ್ತೃಗಳು ನಮ್ಮ ಕಾಲದವರು. ಆದರೂ 1986ರ ‘ಕ್ಯಾಸಲ್‌ವೇನಿಯಾ’ಕ್ಕೆ ರಾಗ ಕಟ್ಟಿದವರು ಕಿನುಯೊ ಯಮಾಷಿತಾ ಮತ್ತು ಸತೊಎ ತೆರಾಷಿಮಾ ಎಂಬ ಇಬ್ಬರು ಹೆಂಗಸರೆಂದು ಆಡಿದವರಲ್ಲಿ ಎಷ್ಟು ಜನ ಬಲ್ಲರು? ಆಟದ ಕಡೆಯಲ್ಲಿ ತೋರುವ ಹೆಸರು ‘ಜೇಮ್ಸ್ ಬನಾನಾ’. 1987ರ ‘ಮೆಗಾ ಮ್ಯಾನ್’ ಆಟದ ಮನಾಮಿ ಮತ್ಸುಮಾಯೆ ಎಂಬಾಕೆಯೂ ಅಡ್ಡಹೆಸರಿನಲ್ಲಿಯೇ ಕಾಣಿಸಿಕೊಂಡಳು. ‘ಮಾರಿಯೊ’ದಲ್ಲಿ ಹೆಸರುಗಳ ಪಟ್ಟಿಯೇ ಇಲ್ಲ. ಹೆಸರು ಇದ್ದ ಕಡೆಯೂ ಅದು ಬರುವುದು ಆಟವು ಗೆದ್ದಮೇಲೆ. ವಿದ್ಯುತ್ತು ಹೋಗದೆ, ಮನೆಯವರು ವಾರ್ತೆಗೆಂದು ಪೆಟ್ಟಿಗೆಯನ್ನು ಕಸಿದುಕೊಳ್ಳದೆ, ಆ ತುದಿಯನ್ನು ಮುಟ್ಟಿದ ಮಕ್ಕಳು ನಮ್ಮ ಸೀಮೆಯಲ್ಲಿ ಎಷ್ಟು ಮಂದಿಯೋ! ಮೊದಲ ಹಂತದ ರಾಗವನ್ನು ಸಾವಿರ ಸಲ ಕೇಳಿದವನು ಕಡೆಯ ರಾಗವನ್ನು ಒಮ್ಮೆಯೂ ಕೇಳದೆ ದೊಡ್ಡವನಾದನು. ರಾಮನಗರದ ಬಂಡೆಗಳ ನಡುವೆ ಚಿತ್ರಿತವಾಗಿ 1975ರಲ್ಲಿ ತೆರೆಗೆ ಬಂದ ‘ಶೋಲೆ’ಯ ಸಂಗೀತವು ಆರ್. ಡಿ. ಬರ್ಮನ್ನರದೆಂದು ಆ ಊರಿನಲ್ಲಿ ಯಾರಾದರೂ ಹೇಳಿಯಾರು; ಅದರಷ್ಟೇ ಸಲ ಕೇಳಿದ ಇನ್ನೊಂದು ರಾಗವು ಅನಾಥವಾಗಿ ಉಳಿಯಿತು.

‘ಟೆಟ್ರಿಸ್’ ಆಟದ ರಾಗದ ಕತೆ ಇದಕ್ಕೆ ವಿರುದ್ಧವಾದುದು. 1989ರಲ್ಲಿ ನಿಂಟೆಂಡೊದ ಕೈಯಂತ್ರ ‘ಗೇಮ್ ಬಾಯ್’ಗಾಗಿ ಹಿರೊಕಾಜು ತನಾಕಾ ಎಂಬಾತನು ಅಳವಡಿಸಿದ ಆ ರಾಗವು ‘ಕೊರೊಬೆಯ್ನಿಕಿ’ ಎಂಬ ರಷ್ಯದ ಹಾಡಿನದು. ಬಟ್ಟೆಬರೆಯ ಪೆಟ್ಟಿಗೆ ಹೊತ್ತು ಹಳ್ಳಿಗಳಲ್ಲಿ ತಿರುಗುವ ವ್ಯಾಪಾರಿಯನ್ನು ಕುರಿತುದು. ಅದರ ಮಾತು ಬಂದುದು ನೆಕ್ರಾಸೊವ್ ಕವಿಯ 1861ರ ಕಾವ್ಯದಿಂದ. ಕವಿಯಿಂದ ಜನರ ಬಾಯಿಗೆ, ಜನರ ಬಾಯಿಂದ ಯಂತ್ರಕ್ಕೆ ಇಳಿದ ರಾಗವು ಮಾತನ್ನೆಲ್ಲ ಕಳೆದುಕೊಂಡಿದ್ದರೂ ಆ ಬಿರುಸನ್ನೂ ಒಳಗಿನ ಖಿನ್ನತೆಯನ್ನೂ ಬಿಟ್ಟುಕೊಟ್ಟಿಲ್ಲ.

ಈಚೆಗೆ ಈ ಸಂಗೀತಕ್ಕೆ ಮನ್ನಣೆ ಹೆಚ್ಚಿದೆ. ಕೊಯಿಚಿ ಸುಗಿಯಾಮರ ‘ಡ್ರಾಗನ್ ಕ್ವೆಸ್ಟ್’ ಸಂಗೀತವನ್ನು 1987ರಲ್ಲಿಯೇ ಟೋಕಿಯೊ ನಗರದಲ್ಲಿ ದೊಡ್ಡ ವಾದ್ಯಮೇಳವು ನುಡಿಸಿತು. 2021ರಲ್ಲಿ ಅಲ್ಲಿ ನಡೆದ ಒಲಿಂಪಿಕ್ ಉತ್ಸವದ ಮೆರವಣಿಗೆಯಲ್ಲಿ ಆಟಗಳ ರಾಗಗಳೇ ಮೊಳಗಿದುವು. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೊಂಡೊನ ಮಾರಿಯೊ ರಾಗವನ್ನು ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಆಟದ ಸಂಗೀತವೊಂದು ಅಲ್ಲಿ ಸ್ಥಾನ ಪಡೆದುದು ಅದೇ ಮೊದಲು. ಇದೆಲ್ಲ ಸಂತೋಷದ ಸಂಗತಿಯೇ, ಮುಖ್ಯವಾಗಿ ಅಲ್ಲಿ ಹೆಸರು ಬರೆದಿರುವುದರಿಂದ. ಆದರೆ ಪಿಟೀಲು ತುತ್ತೂರಿಗಳ ಗಾಂಭೀರ್ಯದಲ್ಲಿ ಆ ರಾಗವನ್ನು ಕೇಳುವ ಚನ್ನಪಟ್ಟಣದ ಗೃಹಸ್ಥನಿಗೆ ಏನೋ ಕೊರತೆ ಕಾಣುವುದು. ಸ್ವರವೆಲ್ಲ ಸರಿಯಾಗಿದೆ, ತಾಳವೂ ಶುದ್ಧವಾಗಿದೆ. ಎರಡನೆಯ ಆವರ್ತದಲ್ಲಿ, ಮೊದಲ ಹಳ್ಳವನ್ನು ದಾಟುವಲ್ಲಿ, ಅವನ ನೆಗೆತವು ಮಾಡುತ್ತಿದ್ದ ತೂತು ಮಾತ್ರ ಅಲ್ಲಿಲ್ಲ.