ನಾಟಕಕಾರರ ಪರಿಚಯಪತ್ರ: ಮಧುಗಿರಿ ಸೀಮೆಯ ನಿದರ್ಶನದಿಂದ ಕೆಲವು ವಿಚಾರಗಳು

ಕವಿಗಳ ಕಾಲ, ದೇಶ, ಕೃತಿಗಳನ್ನು ಕಲೆಹಾಕಿ ಒಂದೆಡೆ ನಿಲ್ಲಿಸುವ ಕಾರ್ಯ ಕನ್ನಡದಲ್ಲಿ ಹೊಸದೇನೂ ಅಲ್ಲ. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿಯೂ ಮೂರನೆಯದು 1929ರಲ್ಲಿಯೂ ಬೆಳಕು ಕಂಡುವು. ಅಂದಿನಿಂದ ನಮ್ಮ ಸಾಹಿತ್ಯಚರಿತ್ರೆಗಳೆಲ್ಲ ಆ ತಳಹದಿಯ ಮೇಲೆಯೇ ನಿಂತಿವೆ. ಈಗ ಅದೇ ಕಾರ್ಯವನ್ನು ಜೀವಿಸಿರುವ ಬರಹಗಾರರ ವಿಷಯದಲ್ಲಿ ಸಂಘಸಂಸ್ಥೆಗಳು ನಡೆಸುತ್ತಿವೆ. ಸದಸ್ಯನಾದ ಪ್ರತಿಯೊಬ್ಬ ನಾಟಕಕಾರನಿಗೂ ಒಂದು ನಮೂನೆಯನ್ನು ಕೊಟ್ಟು ಹೆಸರು, ಹುಟ್ಟಿದ ದಿನ, ವಿದ್ಯಾಭ್ಯಾಸ, ವೃತ್ತಿ, ಪ್ರಕಟಿತ ಕೃತಿಗಳು, ಪ್ರಶಸ್ತಿಗಳು ಎಂಬ ಕ್ರಮದಲ್ಲಿ ಬರೆದುಕೊಡುವಂತೆ ಕೇಳುವುದು ವಾಡಿಕೆಯಾಗಿದೆ. ಈ ನಮೂನೆ ಕವಿಗೂ ಕಾದಂಬರಿಕಾರನಿಗೂ ಹೊಂದಬಹುದು. ನಾಟಕಕಾರನಿಗೆ ಹೊಂದುವುದೇ ಎಂಬುದು ನಮ್ಮ ಪ್ರಶ್ನೆ.

ಈ ಪ್ರಶ್ನೆ ನಮಗೆ ಎದುರಾದುದು ಗ್ರಂಥಭಂಡಾರದಲ್ಲಿ ಅಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಇಂದು ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿವೆ. ಈ ಸೀಮೆಯಿಂದ ಬರುವ ವಿದ್ಯಾರ್ಥಿಗಳಿಗೆ ಮೇಲೆ ಹೇಳಿದಂಥ ನಮೂನೆಯೊಂದನ್ನು ಕೊಟ್ಟು, ತಮ್ಮ ತಮ್ಮ ಊರಿನ ನಾಟಕಕಾರರ ಪರಿಚಯವನ್ನು ತುಂಬಿ ತರುವಂತೆ ಹೇಳಿದೆವು. ಬಹುಮಂದಿ ಹಾಳೆಯನ್ನು ಬರಿದಾಗಿಯೇ ಹಿಂತಿರುಗಿಸಿದರು. ‘ನಮ್ಮೂರಿನಲ್ಲಿ ನಾಟಕಕಾರರಿಲ್ಲ’ ಎಂಬುದು ಅವರ ಉತ್ತರ. ಆದರೆ ಅದೇ ವಿದ್ಯಾರ್ಥಿಗಳು ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ರಾತ್ರಿಯಿಡೀ ಕುಳಿತು ನಾಟಕ ನೋಡಿಬಂದವರು! ಕೆಲವರು ಅಭಿಮನ್ಯುವಿನ ಪಾತ್ರವನ್ನೂ ವಹಿಸಿದವರು. ನಾಟಕವುಂಟು, ನಟರುಂಟು, ಪ್ರೇಕ್ಷಕರುಂಟು. ನಾಟಕಕಾರ ಮಾತ್ರ ಇಲ್ಲ. ಇದು ವಿದ್ಯಾರ್ಥಿಗಳ ಅಲಕ್ಷ್ಯದಿಂದ ಆದುದೆಂದು ಮೊದಲು ಭಾವಿಸಿದ್ದೆವು. ಯೋಚಿಸಿದಂತೆಲ್ಲ ದೋಷ ನಮ್ಮ ನಮೂನೆಯಲ್ಲಿಯೇ ಇದೆಯೆಂದು ತೋರಿತು.

ಈ ಸೀಮೆಯ ಹಳ್ಳಿಯ ನಾಟಕದ ಕರಪತ್ರವನ್ನು ಕಂಡವರಿಗೆ ಅದರ ಸ್ವರೂಪ ತಿಳಿದೇ ಇರುತ್ತದೆ. ಮೇಲೆ ಗ್ರಾಮದೇವತೆಯ ಹೆಸರು. ಅದರ ಕೆಳಗೆ ದಪ್ಪಕ್ಷರದಲ್ಲಿ ‘ಕುರುಕ್ಷೇತ್ರ ಅಥವಾ ಧರ್ಮರಾಜ್ಯ ಸ್ಥಾಪನೆ’ ಎಂದೋ, ‘ರಾಜಾ ವಿಕ್ರಮ ಅಥವಾ ಶನಿಪ್ರಭಾವ’ ಎಂದೋ ನಾಟಕದ ಹೆಸರು. (ಪಾವಗಡದ ಶನೈಶ್ಚರನ ಕ್ಷೇತ್ರ ಹತ್ತಿರವಿರುವುದರಿಂದ ಈ ಎರಡನೆಯ ನಾಟಕಕ್ಕೆ ಇಲ್ಲಿ ಮನ್ನಣೆ ಸಹಜವೇ.) ಬಳಿಕ ದಿವ್ಯಸಾನ್ನಿಧ್ಯ, ಅಧ್ಯಕ್ಷತೆ, ಉದ್ಘಾಟನೆ, ದಾನಿಗಳ ಪಟ್ಟಿ. ಅನಂತರ ಪಾತ್ರವರ್ಗ. ಕೊನೆಯಲ್ಲಿ ಹಾರ್ಮೋನಿಯಂ ಮೇಷ್ಟ್ರು, ತಬಲದವರು, ಸೀನರಿಯವರು. ಇಷ್ಟು ಹೆಸರುಗಳ ಜಾತ್ರೆಯಲ್ಲಿ ನಾಟಕವನ್ನು ಬರೆದವನ ಹೆಸರನ್ನು ಹುಡುಕಿದರೆ ಸಿಕ್ಕುವುದು ಅಪೂರ್ವ. ಇನ್ನೊಂದು ಸಂಗತಿಯನ್ನೂ ಹೇಳಬೇಕು. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಪಾತ್ರ ವಹಿಸುವವನೇ ಹಣ ಕೊಟ್ಟು ಪಾತ್ರವನ್ನು ಪಡೆಯುವುದುಂಟು. ದುರ್ಯೋಧನನಿಗೂ ಕೃಷ್ಣನಿಗೂ ಬೆಲೆ ಹೆಚ್ಚು, ದ್ವಾರಪಾಲಕನಿಗೆ ಕಡಮೆ. ಆ ಹಣ ಮೇಷ್ಟ್ರಿಗೆ ಹೋಗುತ್ತದೆ, ಸೀನರಿಗೆ ಹೋಗುತ್ತದೆ, ದೀಪಕ್ಕೆ ಹೋಗುತ್ತದೆ. ದುರ್ಯೋಧನನ ಬಾಯಲ್ಲಿ ಆ ಮಾತುಗಳನ್ನು ಇಟ್ಟವನಿಗೆ ಮಾತ್ರ ಯಾವುದೂ ಸಲ್ಲುವುದಿಲ್ಲ.

ಇದು ನಮ್ಮ ಪರಂಪರೆಯೇ ಎಂದರೆ ಅಲ್ಲ. ಪರಂಪರೆ ಇದಕ್ಕೆ ವಿರುದ್ಧವಾದುದು. ಸಂಸ್ಕೃತ ನಾಟಕದಲ್ಲಿ ನಾಂದಿಯಾದೊಡನೆ ಸೂತ್ರಧಾರನು ಬಂದು, ಇಂಥ ಕವಿಯ ಇಂಥ ನಾಟಕವನ್ನು ಇಂದು ಆಡುತ್ತೇವೆಂದು ಸಭೆಗೆ ತಿಳಿಸುತ್ತಾನೆ. ಕಾಳಿದಾಸನು ಹೆಸರಿಗಿಂತ ಹೆಚ್ಚೇನನ್ನೂ ಹೇಳಿಕೊಳ್ಳಲಿಲ್ಲ. ಭವಭೂತಿಯಾದರೋ ತನ್ನ ಊರು ಪದ್ಮಪುರ, ಗೋತ್ರ ಕಾಶ್ಯಪ, ತಾಯಿ ಜಾತೂಕರ್ಣಿ ಎಂದು ವಿವರವಾಗಿಯೇ ಹೇಳಿಸಿದನು. ಪ್ರಸ್ತಾವನೆಯೆಂಬುದು ನಾಟಕಕಾರನ ಪರಿಚಯಪತ್ರವೇ. ಅದು ನಾಟಕದ ಹೊರಗಿನ ಲೇಖವಲ್ಲ, ನಾಟಕದ ಅಂಗ, ಆಡಿದಾಗಲೆಲ್ಲ ಓದಲ್ಪಡುವಂಥದು. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ನಾಟಕವಾದ ‘ಮಿತ್ರವಿಂದಾ ಗೋವಿಂದ’ ಹರ್ಷನ ‘ರತ್ನಾವಳಿ’ಯನ್ನು ಅನುಸರಿಸಿದುದು, ಅದನ್ನು ರಚಿಸಿದ ಸಿಂಗರಾರ್ಯನು ಚಿಕ್ಕದೇವರಾಜನ ಆಸ್ಥಾನದವನು. ಕಾವ್ಯದಲ್ಲಿಯೂ ಹಾಗೆಯೇ: ಪಂಪನು ತನ್ನ ತಂದೆಯ ಹೆಸರನ್ನೂ ವೆಂಗಿನಾಡನ್ನೂ ತಾನೇ ಹೇಳಿಕೊಂಡಿದ್ದಾನೆ. ನರಸಿಂಹಾಚಾರ್ಯರಿಗೆ ಅಷ್ಟು ಸಾಮಗ್ರಿ ಒದಗಿದುದಕ್ಕೆ ಕವಿಗಳ ಈ ಸ್ವಪರಿಚಯವೇ ಮುಖ್ಯ ಕಾರಣಗಳಲ್ಲಿ ಒಂದು. ಹಳ್ಳಿಯ ರಂಗಭೂಮಿ ನಾಂದಿಯನ್ನು ಉಳಿಸಿಕೊಂಡಿತು. ಇಂದಿಗೂ ಗಣಪತಿ ಶಾರದೆಯರ ಸ್ತುತಿಯಿಲ್ಲದೆ ಪರದೆ ಏಳದು. ಕವಿಯನ್ನು ಹೆಸರಿಸುವ ಭಾಗವನ್ನು ಮಾತ್ರ ಕೈಬಿಟ್ಟಿತು.

ಕೈಬಿಟ್ಟುದಕ್ಕೆ ಕಾರಣವನ್ನು ವೃತ್ತಿರಂಗಭೂಮಿಯಲ್ಲಿ ಹುಡುಕಬೇಕೆಂದು ನಮ್ಮ ಅಭಿಪ್ರಾಯ. ಇದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿ ಕನ್ನಡ ನಾಡನ್ನೆಲ್ಲ ಸುತ್ತಿತು. ಕಂಪನಿಗಾಗಿ ಬರೆದ ನಾಟಕ ಕಂಪನಿಯ ನಾಟಕವೆನಿಸಿತು. ಜನ ‘ಗುಬ್ಬಿಯವರ ಸದಾರಮೆ’ ಎಂದರೇ ಹೊರತು ‘ಬೆಳ್ಳಾವೆ ನರಹರಿಶಾಸ್ತ್ರಿಗಳ ಸದಾರಮೆ’ ಎನ್ನಲಿಲ್ಲ. ಕಳ್ಳನ ಪಾತ್ರದಲ್ಲಿ ವೀರಣ್ಣನವರು ಗಳಿಸಿದ ಕೀರ್ತಿ ನ್ಯಾಯವಾದುದೇ. ಅದನ್ನು ಕುಂದಿಸುವುದು ನಮ್ಮ ಉದ್ದೇಶವಲ್ಲ. ವೀರಣ್ಣನವರಿಗೆ ತಮ್ಮ ಬಾಳನ್ನು ತಾವೇ ಹೇಳಿಕೊಳ್ಳುವ ಅವಕಾಶವೂ ದೊರೆಯಿತು; ‘ಕಲೆಯೇ ಕಾಯಕ’ ನಮ್ಮ ಕೈಯಲ್ಲಿದೆ. ಆದರೆ ಅವರ ರಂಗಕ್ಕೆ ಮಾತು ಕೊಟ್ಟವರ ವಿಷಯದಲ್ಲಿ ನಮಗಿರುವ ತಿಳಿವಳಿಕೆ ಎಷ್ಟು?

ನರಹರಿಶಾಸ್ತ್ರಿಗಳನ್ನೇ ತೆಗೆದುಕೊಳ್ಳೋಣ. ಇವರ ಹೆಸರಿನ ಮುಂದಿರುವ ಊರು ತುಮಕೂರು ತಾಲ್ಲೂಕಿನ ಬೆಳ್ಳಾವಿ, ಕೊರಟಗೆರೆಯ ಸೀಮೆಗೆ ದೂರವೇನಲ್ಲ. ಹುಟ್ಟಿದ್ದು 1882, ತೀರಿಕೊಂಡದ್ದು 1961. ‘ಸದಾರಮೆ’, ‘ಕೃಷ್ಣಲೀಲಾ’ ಮೊದಲಾದ ನಾಟಕಗಳಲ್ಲದೆ, 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ಕ್ಕೂ ಮಾತು ಹಾಡುಗಳನ್ನು ಒದಗಿಸಿದವರು ಇವರೇ. ಇಷ್ಟನ್ನು ನಮ್ಮ ನಮೂನೆಯಲ್ಲಿ ತುಂಬಬಹುದು. ಆದರೆ ಮೊದಲ ಕಲಮಿನಲ್ಲಿಯೇ ತೊಡಕು. ಹೆಸರು ‘ಬೆಳ್ಳಾವೆ’ಯೋ ‘ಬೆಳ್ಳಾವಿ’ಯೋ? ಎರಡೂ ರೂಪಗಳು ಅಚ್ಚಿನಲ್ಲಿವೆ. ಊರನ್ನು ಹೆಸರಿನ ಮುಂದಿಡುವುದು ನಮ್ಮ ಸೀಮೆಯ ಚೆಲುವಾದ ಪದ್ಧತಿ. ಗುಬ್ಬಿ ವೀರಣ್ಣನವರಿಂದ ಹಿಡಿದು ಶಿರಾ ತಾಲ್ಲೂಕಿನ ಬರಗೂರಿನಲ್ಲಿ ಹುಟ್ಟಿದ ರಾಮಚಂದ್ರಪ್ಪನವರವರೆಗೆ ಅದು ನಡೆದುಬಂದಿದೆ. ಆದರೆ ವರ್ಣಾನುಕ್ರಮಣಿಕೆಗೆ ಅದು ತಂದೊಡ್ಡುವ ಕಷ್ಟ ಪಟ್ಟಿ ಮಾಡಿದವರಿಗೇ ಗೊತ್ತು. ಒಬ್ಬನೇ ಗ್ರಂಥಕರ್ತನು ಎರಡು ಅಕ್ಷರಭೇದದಿಂದ ಇಬ್ಬರಾಗುತ್ತಾನೆ. ಮುಂದೆ ‘ಕೃತಿಗಳು’ ಎಂಬ ಕಲಮು. ಇಲ್ಲಿ ನಾಟಕದ ಹೆಸರನ್ನು ಬರೆದರೆ ಸಾಲದು. ಯಾವ ಕಂಪನಿಗಾಗಿ ಬರೆದುದು, ಮೊದಲು ಎಲ್ಲಿ ಆಡಿದರು, ಯಾರು ಯಾವ ಪಾತ್ರ ವಹಿಸಿದರು, ಅಚ್ಚಾದುದು ಆಡಿದ ಮೇಲೋ ಮುಂಚೆಯೋ, ಆಡಿದ ಪಾಠಕ್ಕೂ ಅಚ್ಚಿನ ಪಾಠಕ್ಕೂ ಭೇದವೇನು, ಇವೆಲ್ಲ ಬೇಕು. ಕಾವ್ಯಕ್ಕೆ ಪ್ರಕಟಣೆಯ ವರ್ಷ ಹೇಗೋ ನಾಟಕಕ್ಕೆ ಮೊದಲ ಪ್ರಯೋಗದ ವರ್ಷ ಹಾಗೆ. ನಮ್ಮ ನಮೂನೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

‘ಪ್ರಕಟಿತ’ ಎಂಬ ಒಂದು ವಿಶೇಷಣ ಎಷ್ಟು ಜನರನ್ನು ಹೊರಗೆ ನಿಲ್ಲಿಸುತ್ತದೆಂಬುದಕ್ಕೆ ದೊಡ್ಡವರ ನಿದರ್ಶನಗಳೂ ಉಂಟು. ‘ಸಂಸ’ರು (1898–1939) ಇಪ್ಪತ್ತಮೂರು ನಾಟಕಗಳನ್ನು ಬರೆದರೆಂದು ಪ್ರತೀತಿ, ನಮಗೆ ದಕ್ಕಿರುವುವು ಆರು. ದಕ್ಕದವುಗಳಿಗೆ ಪರಿಚಯಪತ್ರದಲ್ಲಿ ಸ್ಥಾನವಿಲ್ಲವೆಂದರೆ ಆ ಪತ್ರ ಯಾರ ಪರಿಚಯ? ಕೈಲಾಸಂ ಅವರದು ಬೇರೊಂದು ಪರಿ. ಅವರು ನಾಟಕವನ್ನು ಬಾಯಲ್ಲಿ ಹೇಳುತ್ತಿದ್ದರು, ಲೇಖನಿ ಹಿಡಿದವರು ಬೇರೆಯವರು. ಇನ್ನು ಇದೇ ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ‘ಅಶ್ವತ್ಥಾಮನ್’ ನಾಟಕವನ್ನು ಸೋಫೋಕ್ಲೀಸನ ‘ಏಜಾಕ್ಸ್’ನಿಂದ ಪಡೆದು, ಗ್ರೀಕ್ ವೀರನನ್ನು ಮಹಾಭಾರತದ ಗುರುಪುತ್ರನನ್ನಾಗಿ ಮಾಡಿದರು, ‘ಪಾರಸಿಕರು’ ಈಸ್ಕಿಲಸನ ಭಾಷಾಂತರ. ಒಬ್ಬರಲ್ಲಿಯೇ ರೂಪಾಂತರವೂ ಭಾಷಾಂತರವೂ ಇವೆ. ನಮೂನೆಯ ‘ಸ್ವತಂತ್ರ’, ‘ಅನುವಾದ’ ಎಂಬ ಎರಡು ಮನೆಗಳಲ್ಲಿ ‘ಅಶ್ವತ್ಥಾಮನ್’ ಯಾವುದರಲ್ಲಿಯೂ ನೆಟ್ಟಗೆ ಕೂರುವುದಿಲ್ಲ.

ಪ್ರಸಿದ್ಧರ ಪಾಡೇ ಹೀಗಾದ ಮೇಲೆ ಮಧುಗಿರಿಯ ಸುತ್ತಿನ ಹಳ್ಳಿಯ ಮೇಷ್ಟ್ರ ಗತಿಯೇನು? ಆತನ ಕೈಯಲ್ಲಿ ಒಂದು ಹೊತ್ತಗೆ ಇರುತ್ತದೆ. ಅದರ ಮೂಲ ಯಾವುದೋ ಕಂಪನಿಯ ಅಚ್ಚಿನ ಪುಸ್ತಕ. ‘ಕುರುಕ್ಷೇತ್ರ’ವಾದರೆ, ಗುಬ್ಬಿ ಕಂಪನಿ 1934ರಲ್ಲಿ ಬೆಂಗಳೂರಿನಲ್ಲಿ ವೈಭವದಿಂದ ಪ್ರದರ್ಶಿಸಿದ, ಬಿ. ಪುಟ್ಟಸ್ವಾಮಯ್ಯನವರು ಬರೆದ ನಾಟಕದ ನೆನಪು ಅದರ ಹಿಂದೆ ಇದ್ದೇ ಇರುತ್ತದೆ. ಆದರೆ ಇಂದು ಹಳ್ಳಿಯಲ್ಲಿ ಆಡುವುದು ಅದೇ ಪಾಠವೆಂದು ಹೇಳಲಾಗದು. ಕೈಯಿಂದ ಕೈಗೆ ಹೋಗುತ್ತ ಕಂದಗಳು ಸೇರಿವೆ, ಸೀಸಪದ್ಯಗಳು ಸೇರಿವೆ; ಒಬ್ಬ ನಟನ ಕಂಠಕ್ಕೆ ಒಗ್ಗುವಂತೆ ಮಟ್ಟು ಬದಲಾಗಿದೆ; ಹಾಸ್ಯದ ಭಾಗವನ್ನಂತೂ ಪ್ರತಿಯೊಂದು ಊರೂ ತನಗೆ ಬೇಕಾದಂತೆ ಮಾಡಿಕೊಂಡಿದೆ. ಪಾವಗಡ, ಮಧುಗಿರಿಗಳ ಗಡಿಯ ಹಳ್ಳಿಗಳಲ್ಲಿ ಮನೆಮಾತು ತೆಲುಗು, ರಂಗದ ಮಾತು ಕನ್ನಡವಾಗಿರುವುದೂ ಉಂಟು. ಅಲ್ಲಿ ತೆಲುಗು ಪದ್ಯನಾಟಕದ ರಾಗದ ಎಳೆತ ಕನ್ನಡ ಕಂದದೊಳಕ್ಕೆ ನುಸುಳುವುದನ್ನು ಕಿವಿಯುಳ್ಳವರು ಗುರುತಿಸಬಲ್ಲರು. ಹೀಗೆ ತಿದ್ದಿ ಸೇರಿಸುವವನು ನಾಟಕಕಾರನೇ, ನಕಲುಗಾರನೇ, ನಿರ್ದೇಶಕನೇ? ಮೂರೂ ಹೌದು. ಪರಿಚಯಪತ್ರವನ್ನು ರೂಪಿಸುವವರು ಈ ಮಿಶ್ರಕರ್ತೃತ್ವವನ್ನು ಒಪ್ಪದಿದ್ದರೆ ಈ ಸೀಮೆಯಲ್ಲಿ ನಾಟಕಕಾರರಿಲ್ಲವೆಂಬ ಸುಳ್ಳು ಲೆಕ್ಕವೇ ಸ್ಥಿರವಾಗುತ್ತದೆ. ಸಾಹಿತ್ಯಚರಿತ್ರೆಯನ್ನು ಮುಂದೆ ಬರೆಯುವವರು ಆ ಬರಿದಾದ ಹಾಳೆಗಳನ್ನೇ ಪ್ರಮಾಣವೆಂದು ತೆಗೆದುಕೊಳ್ಳುತ್ತಾರೆ.

ಹೆಸರಿಸುವುದು ಸೌಜನ್ಯದ ಮಾತು ಮಾತ್ರವೆಂದು ಕೆಲವರು ಭಾವಿಸುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಗ್ರಂಥಕರ್ತನ ಜೀವಿತಕಾಲವೂ ಅವನ ಅನಂತರದ ಅರುವತ್ತು ವರ್ಷಗಳೂ ಹಕ್ಕಿನ ಅವಧಿ. 1992ಕ್ಕೆ ಮುಂಚೆ ಇದು ಐವತ್ತು ವರ್ಷವಾಗಿತ್ತು. ಈ ಲೆಕ್ಕದಲ್ಲಿ ನರಹರಿಶಾಸ್ತ್ರಿಗಳು ತಮ್ಮ ಜೀವಿತದಲ್ಲಿಯೇ ಪ್ರಕಟಿಸಿದ ನಾಟಕಗಳು 2021ರ ಕೊನೆಗೆ ಸಾರ್ವಜನಿಕರ ಸೊತ್ತಾದುವು. 1984ರಲ್ಲಿ ತೀರಿಕೊಂಡ ಪುಟ್ಟಸ್ವಾಮಯ್ಯನವರವು 2044ರ ಕೊನೆಯವರೆಗೂ ಆಗುವುದಿಲ್ಲ. ಹವ್ಯಾಸಿ ಸಂಘವೊಂದು ಹಣ ಪಡೆಯದೆ ಪ್ರೇಕ್ಷಕರ ಮುಂದೆ ಆಡುವುದಕ್ಕೂ, ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡುವುದಕ್ಕೂ ಅದೇ ಕಾಯಿದೆ ವಿನಾಯಿತಿ ಕೊಟ್ಟಿದೆ. ಆದುದರಿಂದ ದಂಡಿನ ಮಾರಮ್ಮನ ಜಾತ್ರೆಯಲ್ಲಿ ಊರವರು ಪುಕ್ಕಟೆಯಾಗಿ ನಾಟಕವಾಡಿದರೆ ಅಪರಾಧವೇನೂ ಇಲ್ಲ. ಹಳ್ಳಿಯವರ ಮೇಲೆ ದಾವೆ ಹೂಡಬೇಕೆಂದು ನಾವು ಹೇಳುತ್ತಿರುವೆವೆಂದು ಯಾರೂ ತಿಳಿಯಬಾರದು. ಆದರೆ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಕಾಯಿದೆ ಬೇರೆಯಾಗಿಯೇ ಎಣಿಸಿದೆ. ಸ್ವಾಮ್ಯವನ್ನು ಮಾರಿದ ಮೇಲೆಯೂ ಅದು ಕರ್ತೃವಿನಲ್ಲಿ ಉಳಿಯುತ್ತದೆ. ಇಂದು ಬರೆಯುತ್ತಿರುವ ನಾಟಕಕಾರನ ಪರಿಚಯಪತ್ರದಲ್ಲಿ, ತನ್ನ ನಾಟಕವನ್ನು ಆಡಲು ಯಾರನ್ನು ಕೇಳಬೇಕು, ಎಷ್ಟು ಪಾತ್ರಗಳು, ಸ್ತ್ರೀಪಾತ್ರಗಳೆಷ್ಟು, ಎಷ್ಟು ಹೊತ್ತು ನಡೆಯುತ್ತದೆ ಎಂಬ ವಿವರ ಇರಬೇಕೆಂದು ನಾವು ಒತ್ತಿ ಹೇಳುವುದು ಈ ಕಾರಣದಿಂದಲೇ. ಕಾಲೇಜಿನ ವಾರ್ಷಿಕೋತ್ಸವಕ್ಕೆ ನಾಟಕ ಹುಡುಕುವ ಅಧ್ಯಾಪಕನಿಗೆ ಬೇಕಾದುದೂ ಇದೇ. ನಾಟಕಕಾರನು ಪಡೆದ ಶಾಲುಗಳ ಸಂಖ್ಯೆಯಲ್ಲ.

ಶಾಲುಗಳ ಮಾತು ಬಂದುದರಿಂದ ಇನ್ನೊಂದು ಮಾತು. ಪರಿಚಯವನ್ನು ನಾಟಕಕಾರನೇ ಬರೆದರೆ ಅದು ಹೊಗಳಿಕೆಯ ಪಟ್ಟಿಯಾಗುತ್ತದೆ. ಮಿತ್ರರು ಬರೆದರೆ ‘ಬಹುಮುಖ ಪ್ರತಿಭೆ’ ತಪ್ಪದು. ಇಂಥ ಪದಗಳು ಯಾವ ವ್ಯಕ್ತಿಯನ್ನೂ ಇನ್ನೊಬ್ಬನಿಂದ ಬೇರ್ಪಡಿಸಲಾರವು. ಭವಭೂತಿ ತನ್ನನ್ನು ತಾನು ಮೆಚ್ಚಿಕೊಂಡವನೇ. ಆದರೂ ಅವನು ಊರಿನ ಹೆಸರನ್ನೂ ತಾಯಿಯ ಹೆಸರನ್ನೂ ಕೊಟ್ಟುದರಿಂದ ನಮಗೆ ಉಪಕಾರವಾಯಿತು. ಒಳ್ಳೆಯ ಪರಿಚಯಪತ್ರ ವಿಮರ್ಶೆಯಲ್ಲ, ವಿಮರ್ಶೆಗೆ ಬೇಕಾದ ಕಚ್ಚಾ ಸಾಮಗ್ರಿ. ಗುಣಾತಿಶಯವನ್ನು ಅದು ವಿಮರ್ಶಕನಿಗೆ ಬಿಟ್ಟು, ಸಂಗತಿಯನ್ನು ತಾನು ಇಟ್ಟುಕೊಳ್ಳಬೇಕು.

ಈ ವಿಚಾರಗಳ ಮೇಲೆ ನಮೂನೆಯನ್ನು ತಿದ್ದಿ ವಿದ್ಯಾರ್ಥಿಗಳಿಗೆ ಮತ್ತೆ ಕೊಟ್ಟೆವು. ಈ ಸಲ ‘ನಿಮ್ಮ ಊರಿನ ನಾಟಕಕಾರ ಯಾರು?’ ಎಂದು ಕೇಳಲಿಲ್ಲ. ‘ನಿಮ್ಮ ಊರಿಗೆ ನಾಟಕ ಕಲಿಸಿದವರು ಯಾರು? ಅವರ ಪುಸ್ತಕ ಎಲ್ಲಿಂದ ಬಂತು? ಅದರಲ್ಲಿ ಅವರೇ ಸೇರಿಸಿದ ಪದ್ಯಗಳು ಯಾವುವು? ಆ ಪುಸ್ತಕ ಈಗ ಯಾರ ಮನೆಯಲ್ಲಿದೆ?’ ಎಂದು ಕೇಳಿದೆವು. ಬರಿದಾದ ಹಾಳೆಗಳು ಕಡಮೆಯಾದುವು. ಶಿರಾದ ಕಡೆಯ ವಿದ್ಯಾರ್ಥಿನಿಯೊಬ್ಬಳು ತನ್ನ ತಾತನ ಕಾಲದ ನೋಟುಪುಸ್ತಕವನ್ನೇ ತಂದಿದ್ದಳು. ಕಡೆಯ ಪುಟದಲ್ಲಿ, ಹಳೆಯ ಓಲೆಗರಿಗಳಲ್ಲಿ ಲಿಪಿಕಾರನು ಬರೆದುಕೊಳ್ಳುವಂತೆ, ನಕಲು ಮಾಡಿದವನ ಹೆಸರೂ ಮುಗಿಸಿದ ದಿನವೂ ಇದ್ದುವು. ನಾಟಕ ರಚಿಸಿದವನ ಹೆಸರು ಎಲ್ಲಿಯೂ ಇರಲಿಲ್ಲ. ಪುಟಗಳ ಅಂಚಿನಲ್ಲಿ ಮಾತ್ರ ಅದೇ ಕೈಬರಹದ ಹನ್ನೆರಡು ಕಂದಗಳು ಬೇರೆ ಮಸಿಯಲ್ಲಿದ್ದುವು. ಆತನನ್ನು ‘ನಕಲುಗಾರ’ ಎಂಬ ಕಲಮಿನಲ್ಲಿ ನಾವು ಬರೆದುಕೊಂಡೆವು. ಆ ವಿದ್ಯಾರ್ಥಿನಿ ಅದನ್ನು ಒಪ್ಪಲಿಲ್ಲ. ಹನ್ನೆರಡು ಕಂದಗಳನ್ನು ಬರೆದವರನ್ನು ನಕಲುಗಾರರೆನ್ನುವುದು ಹೇಗೆ ಎಂದು ಕೇಳಿದಳು. ಆ ನಮೂದನ್ನು ಸದ್ಯಕ್ಕೆ ಸೀಸದಕಡ್ಡಿಯಲ್ಲಿಯೇ ಇಟ್ಟಿದ್ದೇವೆ.